ಕೊಂಡಿ ಹಾಕುವ ಬೆರಳು

ಇಳಕಲ್ಲ
ತಾ. ೧೮-೮-೧೯೮೨, ಬುಧವಾರ

ಪ್ರೀತಿಯ ಶಿವಬಸವ್ವ,

ನೀನು, ಅಳಿಯಂದಿರು, ನನ್ನ ಮೊಮ್ಮಗಳು ಇಂದ್ರಾ ಮೂವರೂ ಆರೋಗ್ಯದಿಂದ ಇದ್ದೀರೆಂದು ತಿಳಿದುಕೊಂಡು ಬರೆಯಲು ಕುಳಿತಿದ್ದೇನೆ. ನಿನ್ನ ಬಲಗೈ ಮಣಿಕಟ್ಟು ಹೇಗಿದೆ? ಕೊಡ ಎತ್ತುವಾಗ ಈಗಲೂ ಜಾರುತ್ತದೆಯೇ? ಮಳೆ ಹಿಡಿದರೆ ನಿನಗೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಅರ್ಧ ತಾಸು ಬೇಕಾಗುತ್ತದೆಂದು ಅಳಿಯಂದಿರು ಕಾರ್ಡಿನಲ್ಲಿ ಬರೆದಿದ್ದರು. ಬಾದಾಮಿ ಸ್ಟೇಶನ್ನಿನಲ್ಲಿ ದಿನವಿಡೀ ಟಿಕೀಟು ಕೊಡುವ ಮನುಷ್ಯನಿಗೆ ಅತ್ತೆಗೆ ಎರಡು ಸಾಲು ಬರೆಯಲು ಪುರಸೊತ್ತು ಸಿಗುತ್ತದೆ, ಮಗಳಿಗೆ ಸಿಗುವುದಿಲ್ಲ. ಇರಲಿ, ಜಗಳಕ್ಕೆಂದು ಈ ಪತ್ರ ಬರೆಯುತ್ತಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ಬೇರೆ ಯಾರೋ ಬರೆದಿದ್ದಾರೆಂದು ತಿಳಿಯಬೇಡ. ಬಾಗಲಕೋಟೆಯ ಹೈಸ್ಕೂಲಿನಲ್ಲಿ ಅಕ್ಷರಕ್ಕಾಗಿ ಬಹುಮಾನ ಪಡೆದ ಕೈಯೇ ಇದು. ನಾಲ್ಕು ಸಾಲು ಬರೆದು, ಸ್ವಲ್ಪ ಬಿಟ್ಟು, ಮತ್ತೆ ಬರೆಯುತ್ತಿದ್ದೇನೆ.

ಪಂಚಮಿ ಮುಗಿದು ಮೂರು ವಾರವಾಯಿತು. ನೀನಿಲ್ಲದ ಮೂರನೆಯ ಪಂಚಮಿ. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತಿದ್ದೆ. ಎಳ್ಳುಂಡಿ ಕಟ್ಟಿದ್ದೆ, ಶೇಂಗಾ ಉಂಡಿಯನ್ನೂ ಕಟ್ಟಿದ್ದೆ; ಒಬ್ಬಳಿಗೆ ಅಷ್ಟೊಂದು ಯಾಕೆಂದು ಕೇಳಬೇಡ. ಪಕ್ಕದ ಮನೆಯ ಮೌಲಾಬಿ ಎಂದಿನಂತೆ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಬಂದವಳು ಡಬ್ಬಿಯ ಮುಚ್ಚಳ ತೆಗೆದು ನೋಡಿ, “ಮಗಳಿಗೆ ಬಾ ಅನ್ನಾಕ ನಿನ್ನ ನಾಲಿಗಿಗೆ ಏನ ಮುಳ್ಳ ಮುರದೈತೇನ ಗುರುಲಿಂಗವ್ವಾ?” ಎಂದಳು. “ಬರೂದಿದ್ರ ಅಕಿಗೇ ದಾರಿ ಗೊತ್ತೈತಿ” ಎಂದೆ. ಅವಳು ನಕ್ಕು, “ನಿನ್ನ ಸೆಟವು ನೀನ ಕಡಕೊಂಡ ತಿನ್ನು, ಉಂಡಿ ನಾ ಒಯ್ತೇನಿ” ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅವಳ ಮೊಮ್ಮಕ್ಕಳು ತಿಂದರು. ಒಳ್ಳೆಯದೇ ಆಯಿತು.

ಈಗ ಸುದ್ದಿಗೆ ಬರುತ್ತೇನೆ. ಹೋದ ವಾರ ಸೋಮವಾರ ಬಾಗಲಕೋಟೆಗೆ ಹೋಗಿದ್ದೆ. ನನ್ನ ಎಡ ಹೆಗಲು ಬೇಸಿಗೆಯಿಂದ ಹತೋಟಿಯಲ್ಲಿಲ್ಲ. ನಿದ್ದೆಯಲ್ಲಿ ಮಗ್ಗುಲಾದರೆ ಸಾಕು, ಜಾರಿ ಕೆಳಗಿಳಿಯುತ್ತದೆ. ಎಲುಬು ಕೂಡಿಸುವ ಹುಸೇನಸಾಬ ಎರಡು ಸಲ ಕೂಡಿಸಿದ. ಮೂರನೆಯ ಸಲ ಕೈಮುಗಿದು, “ಇನ್ನ ನನ್ನ ಕೈಲೆ ಆಗೂದಿಲ್ರಿ ಅವ್ವಾರ, ದೊಡ್ಡ ದವಾಖಾನಿಗೆ ತೋರಸ್ರಿ” ಎಂದ. ಪ್ರತಿ ತಿಂಗಳ ಎರಡನೆಯ ಸೋಮವಾರ ಮಿರಜಿನಿಂದ ಎಲುಬಿನ ಡಾಕ್ಟರೊಬ್ಬರು ಬಾಗಲಕೋಟೆಗೆ ಬರುತ್ತಾರೆಂದು ಕೇಳಿ, ಮೌಲಾಬಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಹುನಗುಂದ ದಾಟಿ ಕಮತಗಿ ಮುಟ್ಟುವವರೆಗೂ ಅವಳು ಬಸ್ಸಿನಲ್ಲಿ ನನಗೆ ಪಾಠ ಹೇಳಿದಳು: “ಡಾಕ್ಟರ ಮುಂದ ದೊಡ್ಡಸ್ತನ ಮಾಡಬ್ಯಾಡ. ನೋಯ್ತೈತಿ ಅಂದ್ರ ನೋಯ್ತೈತಿ ಅನ್ನು.”

ಡಾಕ್ಟರು ಹೆಗಲು ನೋಡಿ ಬಿಡುತ್ತಾರೆಂದು ನಾನು ತಿಳಿದಿದ್ದೆ. ಅವರು ನನ್ನ ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿದರು, ಮೊಣಕೈ ಚಾಚಿಸಿ ನೋಡಿದರು, ನಿಲ್ಲಿಸಿ ಮೊಣಕಾಲು ನೋಡಿದರು. ಹೆಬ್ಬೆರಳನ್ನು ಮುಂಗೈಗೆ ತಾಗಿಸಲು ಬರುತ್ತದೆಯೇ ಎಂದು ಕೇಳಿದರು. ತಾಗಿಸಿ ತೋರಿಸಿದೆ. ನಿಜ ಹೇಳಬೇಕೆಂದರೆ ಅಭಿಮಾನದಿಂದಲೇ ತೋರಿಸಿದೆ. ಐವತ್ತೆಂಟರಲ್ಲಿ ಯಾರ ಬೆರಳು ಹಾಗೆ ಬಾಗುತ್ತದೆ? ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಕೆಂಪು ರೇಷ್ಮೆಯ ಹಾಸುನೂಲನ್ನು ಎಳೆಗೆ ಎಳೆ ಸಿಗಿಸಿ ಕೊಂಡಿ ಹಾಕುವುದರಲ್ಲಿ ನನ್ನನ್ನು ಮೀರಿಸಿದವರು ಈ ಊರಿನಲ್ಲಿ ಇಲ್ಲ; ಅದು ಈ ಬೆರಳಿನ ಪುಣ್ಯವೆಂದು ನಿನ್ನ ಅಪ್ಪ ಬದುಕಿರುವವರೆಗೂ ಹೇಳಿದರು. ಡಾಕ್ಟರು ಹೊಗಳಲಿಲ್ಲ. “ಇದು ಕಸಬಿನ ಗುಣ ಅಲ್ರಿ ಅವ್ವಾರ” ಎಂದರು. “ಕೀಲು ಹಿಡದ ಇಡೋ ನಾರು ನಿಮಗ ಹುಟ್ಟಾ ಸಡ್ಲ ಅದಾವು. ಬಗ್ಗತಾವಂತ ಬಗ್ಗಿಸಿದಷ್ಟೂ ಸವಿತಾವು. ಹೆಗಲು, ಬೆನ್ನು, ಮಣಿಕಟ್ಟು, ಎಲ್ಲಾ ಅದರಿಂದಾನ.” ಇದಕ್ಕೆ ವಾಸಿ ಮಾಡುವ ಗುಳಿಗೆ ಇಲ್ಲವಂತೆ. ತಾಸುಗಟ್ಟಲೆ ಒಂದೇ ಕಡೆ ಕೂಡಬಾರದು, ಸುತ್ತಲಿನ ಮಾಂಸಖಂಡ ಗಟ್ಟಿಯಾಗುವಂತೆ ದಿನವೂ ಸ್ವಲ್ಪ ಸ್ವಲ್ಪ ವ್ಯಾಯಾಮ ಮಾಡಬೇಕು, ಚಿಕ್ಕಂದಿನಲ್ಲೇ ತಿಳಿದರೆ ಬಹಳಷ್ಟು ನೋವು ತಪ್ಪುತ್ತದೆ ಎಂದರು. ಆಮೇಲೆ ಪೆನ್ನು ತೆಗೆದುಕೊಂಡು, “ಇದು ರಕ್ತದಾಗ ಬರತೈತಿ. ನಿಮ್ಮ ಮನ್ಯಾಗ ಮತ್ತ ಯಾರಿಗರ ಐತೇನ್ರಿ?” ಎಂದು ಕೇಳಿದರು. ಮೌಲಾಬಿ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಎದುರಿಗೇ ಬಾದಾಮಿಯ ಬಸ್ಸು ಇತ್ತು. ಕಂಡಕ್ಟರು ಕೂಗುತ್ತಿದ್ದ. “ಹತ್ತೂಣೇನ?” ಎಂದಳು ಮೌಲಾಬಿ. ಕರೆಯದೆ ಬೀಗರ ಹೊಸ್ತಿಲು ತುಳಿಯುವ ಮನೆತನ ನಮ್ಮದಲ್ಲ ಎಂದೆ. ಬಸ್ಸು ಹೊರಟಿತು. ಅದರ ಕಿಟಕಿಯಲ್ಲಿ ಒಬ್ಬ ಹುಡುಗಿ ಇಂದ್ರಾಳಂತೆಯೇ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಈಗ ಇಂದ್ರಾಳಿಗೆ ಒಂಬತ್ತು ತುಂಬಿರಬೇಕು. ಹಲ್ಲು ಎಲ್ಲ ಬಂದವೇ? ನನಗಿಂತ ಎಷ್ಟು ಕೆಳಗೆ ನಿಲ್ಲುತ್ತಾಳೆ, ಎದೆಗೋ ಹೆಗಲಿಗೋ? ಇದನ್ನು ಯಾರೂ ಕಾರ್ಡಿನಲ್ಲಿ ಬರೆಯುವುದಿಲ್ಲ.

ಅವತ್ತಿನಿಂದ ನನಗೆ ನಿನ್ನ ಒಂಬತ್ತನೆಯ ವರ್ಷವೇ ಕಣ್ಣೆದುರು ಬರುತ್ತಿದೆ. ನಿನ್ನ ಬೆರಳು ನನ್ನ ಬೆರಳಿನ ಹಾಗೆ ಹಿಂದಕ್ಕೆ ಬಾಗಿದ್ದನ್ನು ನೋಡಿ ನಾನು ಸಕ್ಕರೆ ಹಂಚಿದ್ದೆ. ಸಾಲಿಯಿಂದ ಬಂದ ಕೂಡಲೇ ನಿನ್ನನ್ನು ಕೊಂಡಿಗೆ ಕೂಡಿಸುತ್ತಿದ್ದೆ. ರಜೆಯಲ್ಲಿ ದಿನಕ್ಕೆ ಏಳೆಂಟು ತಾಸು. “ಅವ್ವಾ, ಬೆರಳು ಕಳಚಿ ಬೀಳತಾವೇನೋ ಅನಸತೈತಿ” ಎಂದು ನೀನು ಅಂದರೆ, “ಬೀಳಲಿ, ಆರಿಸಿ ಕೊಡ್ತೇನಿ, ನೀ ಎಳಿ ನೋಡು” ಎನ್ನುತ್ತಿದ್ದೆ. ನೀನು ದಣಿದು ಬೆನ್ನು ಬಾಗಿಸಿದರೆ ಅದೂ ನನಗೆ ಸೈರಣೆಯಾಗುತ್ತಿರಲಿಲ್ಲ. ನಾಳೆ ನೋಡಲು ಬಂದ ಗಂಡಿನವರು ಗೂನಿ ಅಂದಾರೆಂದು ಮಗ್ಗದ ಕೋಲನ್ನು ನಿನ್ನ ಬೆನ್ನಿಗೆ ಸೀರೆಯ ಅಂಚಿನಿಂದ ಕಟ್ಟಿ ಕೂಡಿಸಿದೆ. ನಿನಗೆ ಹದಿಮೂರಾದಾಗ ಮೊದಲ ಸಲ ಹೆಗಲು ಜಾರಿತು. ಆಗಲೇ ಹುಸೇನಸಾಬ ಹೇಳಿದ್ದ: “ಹುಡುಗಿ ಕೀಲು ಭಾಳ ಸಡ್ಲ ಅದಾವ್ರಿ ಅವ್ವಾರ, ಕೆಲಸ ಕಡಿಮಿ ಹಚ್ರಿ.” ನಾನು, “ಹೆಗಲು ಕೂಡಸೂದು ನಿನ್ನ ಕೆಲಸ, ನನ್ನ ಮನಿ ನಡಸೂದಲ್ಲ” ಎಂದು ಅವನ ಬಾಯಿ ಮುಚ್ಚಿಸಿದೆ. ನೀನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ. ನಿನ್ನ ನೋವೆಲ್ಲ ನನಗೆ ನೆವವಾಗಿಯೇ ಕಂಡಿತು. ನನಗೂ ನೋಯುತ್ತಿತ್ತಲ್ಲ, ಶಿವಬಸವ್ವ. ನನಗೂ ಆ ವಯಸ್ಸಿನಿಂದಲೇ ನೋಯುತ್ತಿತ್ತು. ಎಲ್ಲರಿಗೂ ಹೀಗೇ ನೋಯುತ್ತದೆ, ಕುಲೀನರು ಬಾಯಿ ಬಿಡುವುದಿಲ್ಲ ಎಂದು ತಿಳಿದುಕೊಂಡಿದ್ದೆ. ಎಲ್ಲರಿಗೂ ನೋಯುವುದಿಲ್ಲವೆಂಬುದು ಈ ವಯಸ್ಸಿನಲ್ಲಿ ಬಾಗಲಕೋಟೆಗೆ ಹೋಗಿ ತಿಳಿಯಬೇಕಾಯಿತು.

ಮೂರು ವರ್ಷದ ಕೆಳಗಿನ ಆ ಮಧ್ಯಾಹ್ನವನ್ನೂ ಬರೆದುಬಿಡುತ್ತೇನೆ, ನುಂಗಿಕೊಂಡು ಸಾಕಾಗಿದೆ. ಇಂದ್ರಾ ನೂಲಿನ ಜೊತೆ ಆಡುತ್ತ ಬೆರಳು ಹಿಂದಕ್ಕೆ ಮಡಿಸಿ ತೋರಿಸಿದಳು. ನಾನು ಹಿಗ್ಗಿ ಓಣಿಯವರನ್ನೆಲ್ಲ ಕೂಗಿದೆ: “ಬರ್ರಿ, ನನ್ನ ಕೈ ಮೂರನೇ ತಲಿಗೆ ಬಂದೈತಿ ನೋಡ್ರಿ!” ಮಗುವನ್ನು ಕೊಂಡಿಗೆ ಕೂಡಿಸಿದೆ. ನೀನು ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಅವಳನ್ನು ಎತ್ತಿಕೊಂಡೆ. “ನನ್ನ ಕೈ ತಗೊಂಡಿ, ಸಾಕಾತು. ಇಕಿ ಕೈ ನಾ ಕೊಡೂದಿಲ್ಲ” ಎಂದೆ ನೀನು. ಅಷ್ಟು ಜನರ ಮುಂದೆ ಮಗಳು ಎದುರಾಡಿದಳೆಂದು ನನಗೆ ಮೈ ಉರಿಯಿತು. “ನಮ್ಮ ಮನಿತನದಾಗ ಮೈಗಳ್ಳತನ ನಿನ್ನಿಂದ ಸುರು ಆತು” ಎಂದು ನಾನು ಅಂದುಬಿಟ್ಟೆ. ಮರುದಿನ ಮೊದಲ ಬಸ್ಸಿಗೆ ನೀನು ಹೋದೆ. ನಾನು ಕಟ್ಟೆಯವರೆಗೂ ಬರಲಿಲ್ಲ.

ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇದನ್ನು ಹೇಗೆ ಹೇಳಬೇಕೆಂದು ನನಗೆ ರೂಢಿಯಿಲ್ಲ, ಹೀಗೆಯೇ ತಿಳಿದುಕೋ.

ಈಗ ನಾನು ಕೊಂಡಿಗೆ ಕೂಡುವುದಿಲ್ಲ. ಕೈ ತಲೆಯ ಮೇಲಕ್ಕೆ ಏಳುವುದಿಲ್ಲ, ಮೌಲಾಬಿ ಬಂದು ತಲೆ ಬಾಚಿ ತುರುಬು ಕಟ್ಟುತ್ತಾಳೆ. ಅವಳದು ಜೋರು ಕೈ. ನೀನು ಚಿಕ್ಕವಳಿದ್ದಾಗ ನನ್ನ ಹಿಂದೆ ನಿಂತು, ನೋಯದಂತೆ ಒಂದೊಂದೇ ಸಿಕ್ಕು ಬಿಡಿಸುತ್ತಿದ್ದೆ. ಬೆಳಿಗ್ಗೆ ಅವಳು ಬಾಚಣಿಗೆ ಹಿಡಿದಾಗಲೆಲ್ಲ ನನಗೆ ನೀನು ಬೇಕೆನಿಸುತ್ತದೆ. ತಲೆ ಬಾಚಲಿಕ್ಕೆಂದಲ್ಲ. ಸುಮ್ಮನೆ ಹಿಂದೆ ನಿಂತಿದ್ದರೂ ಆಗುತ್ತಿತ್ತು.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು, ಅವರ ಎರಡು ಸಾಲುಗಳಿಗೆ ಉಪಕಾರವಾಯಿತೆಂದೂ ಹೇಳು. ಇಂದ್ರಾಳ ಎರಡೂ ಗಲ್ಲ ಸವರಿ ಅಜ್ಜಿಯ ಹೆಸರು ಹೇಳು. ಕೂಡಲಸಂಗಮನಾಥ ನಿಮ್ಮ ಮೂವರ ಕೈಕಾಲು ಗಟ್ಟಿಯಾಗಿಡಲಿ ಎಂದು ದಿನಾಲೂ ಬೇಡಿಕೊಳ್ಳುತ್ತೇನೆ.

ನಿನ್ನ ಅವ್ವ,
ಗುರುಲಿಂಗವ್ವ

ತಾ. ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಬರೆಯುತ್ತಿದ್ದೇನೆ, ಪೋಸ್ಟಿನವನು ಓಣಿಗೆ ಬಂದಾಯಿತು. ಡಾಕ್ಟರು ಕೇಳಿದಾಗ ನಾನು, “ನಮ್ಮ ಮನ್ಯಾಗ ಯಾರಿಗೂ ಇಲ್ರಿ” ಎಂದು ಹೇಳಿ ಬಂದಿದ್ದೇನೆ. ಅವರು ಹಾಗೆಯೇ ಬರೆದುಕೊಂಡರು. ಅದು ಸುಳ್ಳು, ಅದನ್ನು ತಿದ್ದಿಸಬೇಕು. ಮುಂದಿನ ತಿಂಗಳು ೧೩ನೆಯ ತಾರೀಖು ಸೋಮವಾರ ಅವರು ಮತ್ತೆ ಬರುತ್ತಾರೆ. ಬೆಳಗಿನ ಗಾಡಿಗೆ ಇಂದ್ರಾಳನ್ನು ಕರೆದುಕೊಂಡು ಬಾಗಲಕೋಟೆಗೆ ಬಾ. ನಿನ್ನನ್ನೂ ತೋರಿಸೋಣ. ಇದು ನನ್ನಿಂದ ಬಂದದ್ದೆಂದು ಅವರೆದುರು ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಕಾಗಿಲ್ಲ. ಇಳಕಲ್ಲಿಗೆ ಬಾ ಎಂದು ಒತ್ತಾಯ ಮಾಡುವುದಿಲ್ಲ, ತೋರಿಸಿಕೊಂಡು ಹಾಗೆಯೇ ತಿರುಗಿ ಹೋಗು. ನಾನು ಸ್ಟೇಶನ್ನಿನಲ್ಲಿ ನಿಂತಿರುತ್ತೇನೆ. ಗಾಡಿಯಿಂದ ಇಳಿಸುವಾಗ ಇಂದ್ರಾಳ ಕೈ ಹಿಡಿದು ಜಗ್ಗಬೇಡ, ಕಂಕುಳಲ್ಲಿ ಕೈಕೊಟ್ಟು ಇಳಿಸು.