ಉಡಿದಾರದ ಗಂಟುಗಳು

ಕೆಮ್ಮಣ್ಣುಗುಂಡಿ ಕೆಳಗಿನ ಹಾಡಿ,
ತರೀಕೆರೆ ತಾಲ್ಲೂಕು
೧೨-೮-೧೯೮೩

ಪ್ರೀತಿಯ ವಿಮಲಮ್ಮನಿಗೆ ಭಾಗಮ್ಮನ ನಮಸ್ಕಾರ.

ನಿನ್ನ ಎರಡು ಕಾಗದಗಳೂ ಸೇರಿದವು. ಎರಡು ತಿಂಗಳು ಸುಮ್ಮನಿದ್ದೆ ಎಂದು ಬೈದುಕೋ, ನಾನು ಬೈಸಿಕೊಳ್ಳಬೇಕಾದವಳೇ. ಬೀರೂರಿನಲ್ಲಿ ನರ್ಸಮ್ಮನಾದ ನಿನಗೆ ಕೂರಲು ಪುರುಸೊತ್ತಿಲ್ಲ, ಆದರೂ ಬರೆದೆ. ನನಗೆ ಪುರುಸೊತ್ತಿತ್ತು, ಮನಸ್ಸಿರಲಿಲ್ಲ.

ಸರ್ವೆಯ ವರದಿ ಬಂತು. ಹಾಡಿಯ ಆರೋಗ್ಯವನ್ನು ಹಾಡಿಯವರೇ ಬರೆದರೆ ನಿಜ ಹೊರಗೆ ಬರುತ್ತದೆ ಎಂದು, ತರೀಕೆರೆಯಲ್ಲಿ ನಮಗೆ ಆರು ವಾರ ಟ್ರೈನಿಂಗ್ ಕೊಟ್ಟ ಡಾಕ್ಟರಮ್ಮ ಹೇಳುತ್ತಿದ್ದರಲ್ಲ? ಇಲ್ಲಿ ಏಳನೇ ಕ್ಲಾಸು ಓದಿದವಳು ನಾನೊಬ್ಬಳೇ, ಫಾರಂ ನನ್ನ ಕೈಗೆ ಬಂತು. ಮೂವತ್ತೆಂಟು ಮನೆ ಸುತ್ತಿ, ಐದು ವರ್ಷದಲ್ಲಿ ಸತ್ತ ಮಕ್ಕಳು ಎರಡು ಎಂದು ಬರೆದುಕೊಟ್ಟೆ. ಕೂಸುಗಳು ಅಷ್ಟೇನೂ ಸಾಯದ ಹಾಡಿಗೆ ನರ್ಸಿನ ಹುದ್ದೆ ಬೇಡ ಎನ್ನುತ್ತದೆ ವರದಿ. ಹೆರಿಗೆ ಬೇನೆಯಲ್ಲಿ ಇನ್ನೂ ಲಿಂಗದಹಳ್ಳಿ ಆಸ್ಪತ್ರೆವರೆಗೆ ನಡೆಯಬೇಕು.

ತಪ್ಪು ನನ್ನದು. ನಮ್ಮಲ್ಲಿ ಮೂರು ತಿಂಗಳಿಗೆ ಕೂಸಿನ ಸೊಂಟಕ್ಕೆ ಉಡಿದಾರ ಕಟ್ಟುತ್ತೇವೆ. ಅದಕ್ಕೆ ಮೊದಲೇ ಹೋದದ್ದನ್ನು ಯಾರೂ ಮಗು ಎಂದು ಎಣಿಸುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. ಹೇಳಿದರೆ ಮುಂದಿನ ಕೂಸೂ ಅದೇ ದಾರಿ ಹಿಡಿಯುತ್ತದಂತೆ. ಹೊರಗಿನವರಾಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ನನಗೆ ಗೊತ್ತಿತ್ತು. ಹೆಂಗಸರು ಇಲ್ಲ ಎಂದರು, ನಾನು ತಲೆ ತಗ್ಗಿಸಿ ಸೊನ್ನೆ ಬರೆದೆ.

ವರದಿ ಓದಿದ ಮೇಲೆ ಮತ್ತೆ ಮನೆಮನೆಗೂ ಹೋದೆ. ಯಾರೂ ತುಟಿ ಬಿಚ್ಚಲಿಲ್ಲ. ಹಾಡಿಯ ಯಜಮಾನ ಮಂಜಪ್ಪ, ಗೌರ್ಮೆಂಟಿಗೆ ನಮ್ಮ ಸತ್ತವರ ಮೇಲೆ ಇಷ್ಟೊಂದು ಪ್ರೀತಿ ಯಾಕೆ ಎಂದು ನಕ್ಕ. ನನಗೂ ಸಾಕಾಗಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಆಗ ನಮ್ಮ ಮುದುಕಿ ಸೂಲಗಿತ್ತಿ ಮಾರಮ್ಮ ಕಪ್ಪು ನೂಲಿನ ಉಂಡೆ ತಂದು ನನ್ನ ಮಡಿಲಿಗೆ ಹಾಕಿದಳು.

"ಬಾಯಲ್ಲಿ ಹೇಳಂಗಿಲ್ಲ ಕಣೇ. ಗಂಟು ಹಾಕಕ್ಕೆ ಯಾರು ಬ್ಯಾಡ ಅಂತಾರೆ? ಮನೆಗೊಂದು ಎಳೆ ಕೊಡು, ನೀನೇ ಎಣಿಸ್ಕೋ."

ಹೆಂಗಸರು ಬೆನ್ನು ತಿರುಗಿಸಿ ಕೂತು, ಹೋದ ಕೂಸಿಗೊಂದರಂತೆ ಗಂಟು ಹಾಕಿಕೊಟ್ಟರು. ಆ ಎರಡರ ಮೇಲೆ ಇನ್ನೂ ಹತ್ತೊಂಬತ್ತು, ವಿಮಲಾ. ಎಳೆಗಳನ್ನು ಪೊಟ್ಟಣ ಕಟ್ಟಿ ತಾಲ್ಲೂಕು ಕಚೇರಿಗೆ ಒಯ್ದರೆ, ದಾರವನ್ನು ದಾಖಲೆಯೆಂದು ಹೇಗೆ ಸೇರಿಸಲಿ ಎಂದು ಗುಮಾಸ್ತರು ಪೊಟ್ಟಣ ವಾಪಸು ತಳ್ಳಿದರು. ಅವರ ಜೊತೆ ವಾದಿಸುವ ಶಕ್ತಿ ನನಗಿಲ್ಲ.

ಅದೇ ಪೊಟ್ಟಣ ಇದರ ಜೊತೆಗಿದೆ. ಪ್ರತಿ ಎಳೆಗೂ ಮನೆ ನಂಬರಿನ ಚೀಟಿ ಕಟ್ಟಿದ್ದೇನೆ, ಗಂಟು ಎಣಿಸಿ ಹೊಸದಾಗಿ ತುಂಬಿದ ಫಾರಮ್ಮುಗಳೂ ಇವೆ. ಇಪ್ಪತ್ತನೇ ತಾರೀಕು ಡಾಕ್ಟರಮ್ಮ ನಿಮ್ಮ ಆಸ್ಪತ್ರೆಗೆ ಬರುತ್ತಾರೆಂದು ಬರೆದಿದ್ದೆಯಲ್ಲ, ಅವರ ಕೈಗೇ ಕೊಡು. ವರದಿ ತಿದ್ದಲು ಈ ತಿಂಗಳೇ ಕೊನೆಯಂತೆ.

ನಿನ್ನ ಪುಟ್ಟ ಮಗಳು ನಡೆಯಲು ಕಲಿತಳೆಂದು ಓದಿ ಖುಷಿಯಾಯಿತು. ಬಿದ್ದರೂ ಎದ್ದು ಓಡಾಡಿಕೊಂಡು ನೂರು ವರ್ಷ ಬಾಳಲಿ.

ಇಂತಿ ನಿನ್ನ,
ಭಾಗಿ

ತಾ.ಕ.: ಮೂವತ್ತೊಂದನೇ ನಂಬರಿನ ಎಳೆ ನನ್ನದು. ಅದರಲ್ಲಿ ಎರಡು ಗಂಟುಗಳಿವೆ. ಟ್ರೈನಿಂಗಿನ ಮೊದಲ ದಿನ ನನ್ನ ರವಿಕೆ ಒದ್ದೆಯಾದದ್ದು ನೋಡಿ ನೀನು ಕೇಳಿದ್ದೆ, ನೀರು ಚೆಲ್ಲಿತು ಎಂದಿದ್ದೆ. ಅದು ಹಾಲು. ಸರ್ವೆಯಲ್ಲಿ ನಾನು ಮೊದಲು ತುಂಬಿದ್ದು ನನ್ನ ಮನೆಯ ಫಾರಂ, ಮೊದಲ ಸೊನ್ನೆ ಬರೆದದ್ದೂ ಅದರಲ್ಲೇ. ಉಳಿದ ಮನೆಗಳದ್ದನ್ನು ತಿದ್ದಿದ್ದೇನೆ. ಅದೊಂದು ಖಾಲಿ ಇದೆ, ನೀನೇ ಬರೆದುಬಿಡು, ನನ್ನ ಕೈಲಿ ಆಗುತ್ತಿಲ್ಲ.