ಪ್ಯಾನೆಲ್‌ಗೊಂದು ಬ್ಯಾಟರಿ

ಮಾರ್ಚ್ 3, ಸೋಮವಾರ

ಎರಡೂ ತೊಟ್ಟಿಯ ಮೀನಿಗೆ ಮೇವು ಹಾಕಿ ಬಂದೆ. ವಾರದ ಜನರೇಟರ್ ಟೆಸ್ಟ್. ಮೈದುನ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಬಂದು ಬಟನ್ ಒತ್ತಿದ. ಸ್ಟಾರ್ಟ್ ಆಯ್ತು. "ಹೆಂಗೆ ಅತ್ತಿಗೆ?" ಅಂದ. ಏನೋ ಇವನೇ ಹೆತ್ತಂಗೆ!

ಕರೆಂಟ್ ಇದ್ದಾಗ ಸ್ಟಾರ್ಟ್ ಆದರೆ ಏನು ಬಂತು ಭಾಗ್ಯ? ಆಗ ಜನರೇಟರಿನ ಕಂಟ್ರೋಲ್ ಪ್ಯಾನೆಲ್‌ಗೆ ಕರೆಂಟಿನ ಚಾರ್ಜರೇ ಪವರ್ ಕೊಡ್ತಿರುತ್ತೆ. ಅವನು ಹೋದ ಮೇಲೆ ಚಾರ್ಜರ್ ಪ್ಲಗ್ ಕಿತ್ತೆ. ಪ್ಯಾನೆಲ್ ಲೈಟು ಫಟ್ ಅಂತ ಹೋಯ್ತು. ಅದರ ಬ್ಯಾಟರಿ ಸತ್ತು ಎಷ್ಟು ಕಾಲ ಆಯ್ತೋ. ಕರೆಂಟ್ ಹೋದಾಗ ಇಂಜಿನ್‌ನ ಎಬ್ಬಿಸೋದೇ ಆ ಪ್ಯಾನೆಲ್. ಎಬ್ಬಿಸದಿದ್ದರೆ ತೊಟ್ಟಿಗೆ ಗಾಳಿ ಇಲ್ಲ. ಗಾಳಿ ಇಲ್ಲದೆ ಮೀನು ಅರ್ಧ ಗಂಟೆ ಉಳಿದರೆ ಹೆಚ್ಚು.

ಮಾರ್ಚ್ 4

ಊಟಕ್ಕೆ ಕೂತಾಗ ಹೇಳಿದೆ. ಮೈದುನ — "ಇಂಜಿನ್ನಿನ ದೊಡ್ಡ ಬ್ಯಾಟರಿಯಿಂದಲೇ ಒಂದು ವೈರ್ ಎಳೆದರಾಯ್ತು." ಅಯ್ಯೋ ಮಹಾರಾಯ! ಇಂಜಿನ್ ತಿರುಗಿಸುವಾಗ ಅದರ ವೋಲ್ಟೇಜ್ ಬಿದ್ದು ಪ್ಯಾನೆಲ್ ಆಫ್ ಆಗುತ್ತೆ, ಅದಕ್ಕೇ ಬೇರೆ ಇಡೋದು. ಕಿವಿ ಮೇಲೆ ಹಾಕ್ಕೊಂಡರೆ ತಾನೆ.

ಇವರು ತಟ್ಟೆ ನೋಡ್ತಾ, "ಹೋಗ್ಲಿ ಬಿಡೇ, ಅವನಿಗೆ ಬೇಜಾರಾಗುತ್ತೆ." ನನ್ನ ಬೇಜಾರಿಗೆ ಹೇಳೋರಿಲ್ಲ ಕೇಳೋರಿಲ್ಲ.

ಮಾರ್ಚ್ 7

ನಾನೇ ಹೊಸ ಬ್ಯಾಟರಿ ತಂದು ಹಾಕಿದೆ. ಮೇಲೆ ನೈಲ್ ಪಾಲಿಶ್‌ನಲ್ಲಿ 'ಮುಟ್ಟಬೇಡ' ಅಂತ ಬರೆದೆ. ಮೇನ್ ಸ್ವಿಚ್ ಇಳಿಸಿ ನೋಡಿದೆ. ಇಂಜಿನ್ ತಾನಾಗೇ ಎದ್ದಿತು. ಹೊಟ್ಟೆ ತಣ್ಣಗಾಯ್ತು.

ಏಪ್ರಿಲ್ 9, ಮಧ್ಯಾಹ್ನ

ಪೆನ್ನು ಹಾಳೆ ಹರೀತಿದೆ. ಸಿಟ್ಟಿಗೆ.

ಬೆಳಗ್ಗೆ ಕರೆಂಟ್ ಹೋಯ್ತು. ಜನರೇಟರ್ ಸದ್ದೇ ಇಲ್ಲ. ಓಡಿದೆ — ಬ್ಯಾಟರಿ ಇಟ್ಟಿದ್ದ ಜಾಗ ಖಾಲಿ! ಎರಡು ವೈರ್ ನೇತಾಡ್ತಿವೆ. ಮೊನ್ನೆ ಸೋಮವಾರ ಟೆಸ್ಟ್ ಬೇರೆ ಪಾಸ್ ಆಗಿತ್ತು... ಕರೆಂಟಿತ್ತಲ್ಲ.

ಮೈದುನನಿಗೆ ಫೋನ್ ಮಾಡಿದೆ. ಪೇಟೆಯಲ್ಲಿದ್ದ. ಕಾರು ಓಡಿಸ್ಕೊಂಡು ಬರುವಷ್ಟರಲ್ಲಿ ಎರಡನೇ ತೊಟ್ಟಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲ್ತಿದ್ದವು. ಮರಿಯಿಂದ ಸಾಕಿದ್ದೆ.

ಬಂದವನೇ ಕಾರಿನ ಬಾನೆಟ್ ಎತ್ತಿದ. ಒಳಗೆ — 'ಮುಟ್ಟಬೇಡ'.

"ಕಾರಿಂದು ವೀಕಾಗಿತ್ತು ಅತ್ತಿಗೆ, ಎರಡು ದಿನಕ್ಕೆ ಅಂತ..."

ಬೈಯೋಕೂ ಪುರುಸೊತ್ತಿರಲಿಲ್ಲ. ಕಿತ್ತು ತಂದು ನಾನೇ ವೈರ್ ಬಿಗಿದೆ. ಇಂಜಿನ್ ಎದ್ದಿತು. ಮೊದಲನೇ ತೊಟ್ಟಿಯಲ್ಲಿ ಅರ್ಧ ಉಳಿದವು. ಅವನು ಬೆವರು ಒರೆಸ್ಕೊಂಡು, "ಸ್ಟಾರ್ಟ್ ಆಯ್ತಲ್ಲ, ಇನ್ನೇನು" ಅಂದ. ನಾಚಿಕೆಗೆಟ್ಟವನು!

ಕಾರಿನ ಕೀ ಕಸ್ಕೊಂಡು ಒಳಗೆ ಬಂದು ಚಿಲಕ ಹಾಕಿದೀನಿ. ಆ ಕಾರು ಮಾರಿಯೇ ಎರಡನೇ ತೊಟ್ಟಿಗೆ ಮರಿ ತರೋದು. ಆಚೆ ಅಣ್ಣ ತಮ್ಮ ಇಬ್ಬರೂ ಬಾಗಿಲು ಬಡೀತಿದ್ದಾರೆ. "ಹೋಗ್ಲಿ ಬಿಡೇ, ಕೀ ಕೊಡೇ" — ಇವರ ದನಿ.

ಬಡೀಲಿ. ಈ ಸಲ ಬಿಟ್ಟರೆ ನಾನು —