ಯವ್ವ ಕಾದಿಟ್ಟ ಹೋಲೋಟೈಪ್

ಸೇಡಂ
೧೮ ಫೆಬ್ರುವರಿ ೨೦೨೫

ಪ್ರೀತಿಯ ಯವ್ವಾ,

ನಿನ್ನ ಮೊಣಕಾಲು ಹ್ಯಾಂಗ ಅದಾವ? ಸೊಲ್ಲಾಪುರದಾಗ ಅಕ್ಕನ ಮನಿ ಮೂರನೇ ಅಂತಸ್ತು, ದಿನಾ ಎಷ್ಟು ಸಲ ಹತ್ತಿ ಇಳಿಲಿಕತ್ತಿಯೋ ಏನೋ. ಕೂಸಿನ ನೆಗಡಿ ಕಮ್ಮಿ ಆಯ್ತಾ? ಕೊಡ್ಲಿಯೊಳಗ ಅಪ್ಪ ಆರಾಮ ಅದಾನ. ರೊಟ್ಟಿ ಬಡೀಲಿಕ್ಕಿ ಕಲಿತೀನಿ ಅಂತಾನ, ಖರೇ ಅಂದ್ರ ಪಕ್ಕದ ಮನಿಯಿಂದ ತರ್ತಾನ. ನಾನೂ ಆರಾಮ ಇದ್ದೀನಿ. ಹದಿನೈದು ದಿನದ ಹಿಂದ ಈ ಮಾತು ಬರದಿದ್ರ ಸುಳ್ಳಾಗ್ತಿತ್ತು. ಫೋನಿನ್ಯಾಗ ಹೇಳಿ ಮುಗಿಯೋ ಮಾತಲ್ಲ, ಅದಕ್ಕೇ ಪತ್ರ. ಅಕ್ಷರ ದೊಡ್ಡದು ಮಾಡೀನಿ, ಸಾವಕಾಶ ಓದು.

ಹೋದ ಆಗಸ್ಟಿನ್ಯಾಗ ನಾವಿಬ್ಬರೂ ಚಿಂಚೋಳಿ ಅಡವಿ ದಂಡಿಗಿ ಹೋಗಿದ್ದಿವಲ್ಲ, ಹಳ್ಳದ ಬಾಜೂಕ ಬೆರಳುದ್ದದ ಗಿಡ, ಎಳ್ಳಿನಷ್ಟು ನೀಲಿ ಹೂವು. ಇದಕ್ಕ ಇನ್ನೂ ಯಾರೂ ಹೆಸರಿಟ್ಟಿಲ್ಲ ಅಂದಾಗ ನೀ ನಕ್ಕಿದ್ದಿ, "ಹೆಸರಿಲ್ಲಂದ್ರ ಬೆಳೆಯಂಗಿಲ್ಲೇನು?" ಅಂತ. ಹೊಸ ಗಿಡಕ್ಕ ಹೆಸರಿಡಬೇಕಾದ್ರ, ಒಣಗಿಸಿದ ಒಂದು ಗಿಡ ಹಾಳಿಗಿ ಹಚ್ಚಿ ಕಾಯಂ ಸಾಕ್ಷಿಯಾಗಿ ಇಡಬೇಕು. ಅದಕ್ಕ ಹೋಲೋಟೈಪ್ ಅಂತಾರ. ನಾ ತಂದ ಮೂರು ಹಾಳಿ ನನ್ನ ಬಾಡಿಗಿ ಖೋಲಿ ಕಪಾಟಿನ್ಯಾಗ ಇದ್ದವು. ಜನವರಿ ಕೊನೀಗಿ ತೆಗೆದು ನೋಡ್ತೀನಿ, ಮ್ಯಾಲಿನ ನೀರಿನ ಟಾಕಿ ಸೋರಿ ಮೂರೂ ಬೂಸರು ಹಿಡದು ಕರಗಿ ಹೋಗ್ಯಾವ. ಗೈಡ್ ಹಸೀನಾಬೇಗಂ ಮೇಡಂ ಬೈಲಿಲ್ಲ. "ಹೋಲೋಟೈಪ್ ಇಲ್ಲಂದ್ರ ಹೆಸರೂ ಇಲ್ಲ, ಮೈತ್ರಿ" ಅಂದರು, ಅಷ್ಟೇ. ಅದು ಮಳಿಗಾಲದಾಗಷ್ಟೇ ಬರೋ ಗಿಡ, ಹಳ್ಳದ ದಂಡಿಗಿ ಈಗ ರಸ್ತಾ ಬಂದದ. ನಾಕು ವರ್ಷದ ಪಿಎಚ್‌ಡಿ ಬಿಟ್ಟು ಬಿಡೋಣಂತ ಮನಸು ಮಾಡಿ ಕೊಡ್ಲಿಗಿ ಹೋದೆ.

ಅಪ್ಪನ ಮುಂದ ಅತ್ತುಬಿಟ್ಟೆ. ಅವ ಎದ್ದು ಹೋಗಿ ಅಡಗಿಮನಿ ಮೂಲ್ಯಾಗ ಭಾರಕ್ಕಂತ ಹೇರಿದ್ದ ಶಹಾಬಾದ ಕಲ್ಲು ಎತ್ತಿದ. "ನಿಮ್ಮವ್ವ ಏನೋ ಇಟ್ಟಾಳ. ಮೈತ್ರಿಗಿ ಬೇಕಾದೀತು, ಕೈ ಹಚ್ಚಬ್ಯಾಡ ಅಂತ ನನಗ ತಾಕೀತು ಮಾಡಿ ಹೋಗ್ಯಾಳ" ಅಂದ. ಹಳೇ ಪೇಪರಿನ ಮಡಿಕಿಯೊಳಗ ಅದೇ ಗಿಡ! ಬೇರು, ಎಲಿ, ಹೂವು, ಎಲ್ಲಾ ಜ್ವಾಕಿ. ನೀನೂ ಒಂದು ಕಿತ್ತು ತಂದಿದ್ದು ನನಗ ಗೊತ್ತೇ ಇರಲಿಲ್ಲ. ಮ್ಯಾಲ ಪೆನ್ಸಿಲ್ಲಿನ ನಿನ್ನ ಸೊಟ್ಟ ಅಕ್ಷರ: ದಿನಾಂಕ, ಹಳ್ಳದ ಹೆಸರು, "ಮೈತ್ರಿ ಸಂಗಡ".

ಮೇಡಂ ಭೂತಗನ್ನಡಿ ಹಿಡದು ತಾಸುಗಟ್ಟಲೆ ನೋಡಿದರು. ಒಂದೇ ದಿನ, ಒಂದೇ ಜಾಗದ ಗಿಡ, ನೀ ಬರದಿಟ್ಟಿದ್ದಕ್ಕೇ ಇದು ನಡೀತದ ಅಂದರು. "ನಿಮ್ಮವ್ವಗ ಇದು ಯಾರು ಕಲಿಸಿದ್ರು?" ಅಂತ ಕೇಳಿದರು. ಯಾರೂ ಇಲ್ಲ, ನಾ ಮಾಡೋದು ಬಾಜೂಕ ಕುಂತು ನೋಡ್ಯಾಳ ಅಂದೆ. ಒಂದಿನಾನೂ ನಾ ನಿನಗ ಬಿಡಿಸಿ ಹೇಳಿದ್ದಿಲ್ಲ ಯವ್ವಾ, ನೀ ಕೇಳಿದ್ದೂ ಇಲ್ಲ. ನಿನ್ನ ಹಾಳಿಗೇ ಹೋಲೋಟೈಪ್ ಅಂತ ಚೀಟಿ ಹಚ್ಚಿ ಕಲ್ಕತ್ತಾದ ಸಂಗ್ರಹಾಲಯಕ್ಕ ಕಳಿಸೀವಿ.

ಅಕ್ಕಗ, ಭಾವಗ ಜೈಭೀಮ. ಕೂಸಿಗಿ ಎರಡು ಮುದ್ದು. ಮೊಣಕಾಲಿಗಿ ಎಣ್ಣಿ ಹಚ್ಕೋ.

ನಿನ್ನ ಮಗಳು,
ಮೈತ್ರಿ

ತಾ.ಕ.: ಅಂಚೆ ಡಬ್ಬಿ ತೆಗಿಯೋ ಹೊತ್ತಾಯ್ತು, ಮುಖ್ಯ ಮಾತೇ ಉಳದದ. ಗಿಡಕ್ಕ ನಿನ್ನ ಹೆಸರಿಡ್ಲಿಕತ್ತೀನಿ. ಲ್ಯಾಟಿನ್ ರೀತಿಗಿ ಹೆಂಗಸಿನ ಹೆಸರಿನ ಕೊನೀಗಿ 'ಏ' ಸೇರಿಸ್ತಾರ, ಅಷ್ಟೇ. ಆದ್ರ ಆಧಾರ ಕಾರ್ಡಿನ್ಯಾಗ ಅನಸೂಯಾ ಅದ, ಊರಾಗ ಅನಸುಬಾಯಿ. ಒಮ್ಮೆ ಛಾಪಾ ಆದ್ರ ಮನಸು ಬಂದಂಗ ಬದಲಿ ಮಾಡಲಿಕ್ಕಿ ಬರಂಗಿಲ್ಲ. ಯಾವ ಹೆಸರಿನಿಂದ ಕರದ್ರ ನೀ ಓ ಅಂತಿಯೋ ಅದನ್ನ ಲಗೂನ ಬರದು ಕಳಿಸು. "ಬ್ಯಾಡ" ಅಂತ ಬರದ್ರ ಮಾತ್ರ ನಾ ಓದಂಗಿಲ್ಲ.